ಪದ ಸಿಗುವ ತನಕ

ಚಟ್ಟದ ಕೊನೆಯ ಗಂಟು ಬಿಗಿಯುತ್ತಿದ್ದ ಕೆಂಪಯ್ಯ ತಲೆಯೆತ್ತಿದ. ಅತ್ತಿಗೆ ಯಶೋದಮ್ಮ ಅಣ್ಣನ ಹೆಣದ ಪಕ್ಕದಿಂದ ಎದ್ದು ಮತ್ತೆ ಗೇಟಿನ ಹತ್ತಿರ ಹೋಗಿ ನಿಂತಿದ್ದರು.

‘ಅತ್ಗೆ, ಬಾಯಿಗೆ ಅಕ್ಕಿ ಹಾಕೋರೆಲ್ಲ ಹಾಕಾಯ್ತು. ಎತ್ತೋಣ. ಆಮೇಲೆ ರಾಹುಕಾಲ ಬಂದ್ಬಿಡುತ್ತೆ.’

‘ಇನ್ನೊಬ್ರು ಬರ್ಬೇಕು ಕಣಪ್ಪ.’

ಅವರ ಕಣ್ಣು ಎದುರುಮನೆಯ ಮೇಲಿತ್ತು. ಬಾಗಿಲು ಮುಚ್ಚಿತ್ತು. ಅಲ್ಲಿನ ಜೋಗಿಂದರ್ ಸಿಂಗ್ ಅವರ ಸ್ಕೂಟರ್ ಮಾತ್ರ ಕಾಂಪೌಂಡಿನೊಳಗೇ ನಿಂತಿತ್ತು. ಅಂದರೆ ಇಂಡಸ್ಟ್ರಿಯಲ್ ಎಸ್ಟೇಟಿನ ತಮ್ಮ ಲೇತ್ ಶೆಡ್ಡಿಗೆ ಅವರು ಇವತ್ತು ಹೋಗಿಲ್ಲ.

‘ಆ ಸರ್ದಾರ್ಜಿಗೋಸ್ಕರ ಹೆಣ ಕಾಯಿಸ್ತೀರಾ? ಅಣ್ಣನ ಹತ್ರ ಮಾತೇ ಬಿಟ್ಟಿದ್ರಲ್ಲ?’

‘ಅದಕ್ಕೇ.’

ಕೆಂಪಯ್ಯ ಗಡಿಯಾರ ನೋಡಿಕೊಂಡು ಅತ್ತಿಂದಿತ್ತ ಓಡಾಡಿದ. ಪತ್ರಿಕೆ ಕಚೇರಿಯಿಂದ ಹಾರ ತಂದಿದ್ದ ಶ್ಯಾಮಸುಂದರ ಮೆಲ್ಲಗೆ ಹೇಳಿದ, ‘ಬಿಡಿ ಸಾರ್. ವೆಂಕಟರಮಣಪ್ಪನವರ ಕಾಪಿ ಯಾವತ್ತು ಟೈಮಿಗೆ ಸರಿಯಾಗಿ ಪ್ರೆಸ್ಸಿಗೆ ಹೋಗಿತ್ತು? ಒಂದು ಪದಕ್ಕೆ ಅರ್ಧ ಗಂಟೆ ಮಾಡೋರು. ಇವತ್ತೂ ಸ್ವಲ್ಪ ಲೇಟಾಗ್ಲಿ.’

ಹತ್ತಿರ ನಿಂತಿದ್ದ ಒಬ್ಬಿಬ್ಬರು ನಕ್ಕು, ತಕ್ಷಣ ತಲೆ ತಗ್ಗಿಸಿದರು.

* * *

ಟೆಲಿಪ್ರಿಂಟರಿನಲ್ಲಿ ಬರುವ ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತಿರುಗಿಸುವುದು ವೆಂಕಟರಮಣಪ್ಪನವರ ಕೆಲಸ. ಸಿಂಗ್ ಅವರಿಗೆ ಕನ್ನಡ ಓದಲು ಕಲಿಸಿದ್ದೂ ಅವರೇ. ಬೆಳಗಿನ ಕಾಫಿ ಹೊತ್ತಿಗೆ ಜಗಲಿಯ ಮೇಲೆ ಇಬ್ಬರೂ ಕೂತು, ದಪ್ಪಕ್ಷರದ ಶೀರ್ಷಿಕೆಗಳನ್ನು ಒಂದೊಂದಾಗಿ ಓದುತ್ತಿದ್ದರು.

‘ಅಪಘಾತ, ಅಭಾವ, ಮುಷ್ಕರ. ಒಳ್ಳೆ ಪದ ಯಾವಾಗ ಕಲಿಸ್ತೀರಿ ಸಾರ್?’

‘ಅದು ಭಾನುವಾರದ ಪುರವಣಿಯಲ್ಲಿ.’

ಎಂಬತ್ನಾಲ್ಕರ ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ಸಿಂಗ್ ಜಗಲಿ ಹತ್ತಲಿಲ್ಲ. ಕೆಳಗೇ ನಿಂತು ಪತ್ರಿಕೆಯ ಶೀರ್ಷಿಕೆಯ ಮೇಲೆ ಬೆರಳಿಟ್ಟರು. ‘ದೆಹಲಿಯಲ್ಲಿ ಗಲಭೆ.’ ಆ ಶೀರ್ಷಿಕೆ ವೆಂಕಟರಮಣಪ್ಪನವರದೇ.

‘ಎರಡು ಕಡೆಯೋರೂ ಹೊಡೆದಾಡಿದ್ರೆ ಗಲಭೆ ಅಂತ ನೀವೇ ಹೇಳಿಕೊಟ್ರಿ. ದೆಹಲೀಲಿದ್ದ ನಮ್ಮಣ್ಣನ್ನ ಮನೆಯಿಂದ ಎಳ್ಕೊಂಡು ಹೋಗಿ ಸುಟ್ರಂತೆ. ಅವನು ಯಾರಿಗೆ ಹೊಡೆದಿದ್ದ?’

ಸಿಂಗ್ ಪತ್ರಿಕೆಯನ್ನು ಮಡಚಿ ಜಗಲಿಯ ಮೇಲಿಟ್ಟು ಹೋದರು.

‘ಹೋಗಿ ಮಾತಾಡಿಸ್ಕೊಂಡು ಬನ್ನಿ,’ ಎಂದರು ಯಶೋದಮ್ಮ, ಅವತ್ತೂ, ಆಮೇಲೂ.

‘ಬರೀ ಕೈಲಿ ಹೋಗಿ ಏನಂತ ಹೇಳ್ಲಿ? ನರಮೇಧ ಅನ್ನೋಣ ಅಂದ್ರೆ, ಮೇಧ ಅಂದ್ರೆ ಯಾಗ. ಮಾರಣಹೋಮ ಅಂದ್ರೆ ಅದೂ ಹೋಮವೇ. ಅವರಣ್ಣನ್ನ ಯಾವ ದೇವರಿಗೂ ಅರ್ಪಿಸಿದ್ದಲ್ಲ ಕಣೇ. ಹತ್ಯಾಕಾಂಡ ಅಂತಾರೆ, ಕಾಂಡ ಅಂದ್ರೆ ಪುಸ್ತಕದ ಒಂದು ಭಾಗ, ಓದಿ ಮುಗಿಸಿ ಮುಂದಕ್ಕೆ ಹೋಗೋ ಅಂಥದ್ದು.’

‘ಇಂಗ್ಲಿಷಲ್ಲಿ ಏನೂ ಇಲ್ವಾ?’

‘ಜೆನೊಸೈಡ್ ಅಂತಿದೆ. ಅದು ನಮಗಿಂತ ಚಿಕ್ಕ ವಯಸ್ಸಿನ ಪದ. ಎರಡನೇ ಮಹಾಯುದ್ಧದಲ್ಲಿ ಒಬ್ಬ ವಕೀಲ ಕುಲ ಅನ್ನೋ ಗ್ರೀಕ್ ಪದಕ್ಕೆ ಕೊಲೆ ಅನ್ನೋ ಲ್ಯಾಟಿನ್ ಪದ ಸೇರಿಸಿ ಮಾಡಿದ್ದು. ಅದಕ್ಕೂ ಮುಂಚೆ ಹಾಗೆ ಸತ್ತವರಿಗೆಲ್ಲ ಏನಂತಿದ್ರೋ.’

‘ಅನ್ನ ಆರಿಹೋಗ್ತಾ ಇದೆ.’

‘ಸರಿಯಾದ ಪದ ಸಿಗ್ಲಿ, ಮಾರನೇ ದಿನವೇ ಹೋಗ್ತೀನಿ.’

ಚಳಿಗಾಲ ಹೋಯಿತು, ಬೇಸಿಗೆಯೂ ಹೋಯಿತು. ಅವರು ಎದುರುಮನೆಗೆ ಹೋಗಲಿಲ್ಲ. ನಿನ್ನೆ ಸಂಜೆ ಕಚೇರಿಗೆ ಹೊರಟವರು ಬಾಗಿಲಲ್ಲೇ ಎದೆ ಹಿಡಿದುಕೊಂಡು ಕುಸಿದರು.

* * *

ಯಶೋದಮ್ಮ ಗೇಟು ತೆಗೆದು ರಸ್ತೆಗಿಳಿದರು. ‘ಇದೇನಮ್ಮ, ಹೆಣ ಬಿಟ್ಟು ಗೇಟು ದಾಟೋದಾ,’ ಎಂದು ಹಿಂದಿನಿಂದ ಒಬ್ಬ ಮುದುಕಿಯ ಧ್ವನಿ ಬಂತು. ಅವರು ನಿಲ್ಲಲಿಲ್ಲ.

ಕದ ತಟ್ಟಿದ ಕೂಡಲೇ ತೆರೆಯಿತು. ಸಿಂಗ್ ಅದರ ಹಿಂದೆಯೇ ನಿಂತಿದ್ದರು.

‘ಬನ್ನಿ,’ ಎಂದರು ಯಶೋದಮ್ಮ.

‘ನಮ್ಮಣ್ಣ ಸತ್ತಾಗ ಅವರು ಬರ್ಲಿಲ್ಲ, ಭಾಭೀಜಿ.’

‘ಹೌದು, ಬರ್ಲಿಲ್ಲ. ಗಲಭೆ ಅಂತ ಬರೆದಿದ್ದು ತಪ್ಪು ಅಂತ ಅವತ್ತೇ ಅವರಿಗೆ ಗೊತ್ತಾಗಿತ್ತು. ಸರಿಯಾದ ಪದ ತಗೊಂಡು ಬರ್ತೀನಿ ಅಂತ ಹುಡುಕ್ತಾನೇ ಇದ್ರು. ಸಿಗ್ಲಿಲ್ಲ.’

‘ಪದ ಯಾರಿಗೆ ಬೇಕಿತ್ತು? ಬಂದು ಸುಮ್ನೆ ಕೂತಿದ್ರೆ ಸಾಕಾಗಿತ್ತು.’

‘ಅದನ್ನ ನಾನೂ ಹೇಳ್ತಾನೇ ಇದ್ದೆ. ಈಗ ನನ್ನತ್ರಾನೂ ಯಾವ ಪದವೂ ಇಲ್ಲ.’

ಸಿಂಗ್ ಚಪ್ಪಲಿಯನ್ನು ಒಳಗೇ ಬಿಟ್ಟು ಅವರ ಹಿಂದೆ ರಸ್ತೆಗಿಳಿದರು.

ಬಾಯಿಗೆ ಅಕ್ಕಿ ಹಾಕುವಾಗ ಅವರ ಬೆರಳುಗಳು ಗೆಳೆಯನ ತುಟಿಯ ಮೇಲೆ ಸ್ವಲ್ಪ ಹೊತ್ತು ನಿಂತವು. ಕೆಂಪಯ್ಯ ಬೆಂಕಿಯ ಮಡಕೆ ಎತ್ತಿಕೊಂಡು, ಅವರ ಮುಖ ನೋಡದೆ, ‘ಸರ್ದಾರ್ಜಿ, ಹಿಂದ್ಗಡೆ ಹಿಡ್ಕೊಳಿ,’ ಎಂದ.

ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟು ಎತ್ತಿದರು. ಮಿಕ್ಕ ಮೂವರಿಗಿಂತ ಸಿಂಗ್ ಒಂದು ಗೇಣು ಎತ್ತರ. ಚಟ್ಟ ಓರೆಯಾಗಿ, ಹೆಣದ ಭಾರವೆಲ್ಲ ಮುಂದಿದ್ದ ಶ್ಯಾಮಸುಂದರನ ಕಡೆಗೆ ಜಾರಿತು. ಹೆಂಗಸರ ಅಳು ಒಮ್ಮೆಲೇ ನಿಂತಿತು. ಸಿಂಗ್ ಮಂಡಿಗಳನ್ನು ಮಡಚಿದರು. ಚಟ್ಟ ಸಮನಾಯಿತು.

ಹರಿಶ್ಚಂದ್ರ ಘಾಟಿನ ಸ್ಮಶಾನಕ್ಕೆ ಸಾಕಷ್ಟು ದೂರವಿತ್ತು. ಯಶೋದಮ್ಮ ಗೇಟು ಹಿಡಿದು ನೋಡುತ್ತಿದ್ದರು. ಮೇನ್ ರೋಡಿನ ತಿರುವಿನವರೆಗೂ, ಬರಿಗಾಲಿನಲ್ಲಿ, ಆ ಎತ್ತರದ ಮನುಷ್ಯ ಮಂಡಿ ಮಡಚಿಕೊಂಡೇ ನಡೆಯುತ್ತಿದ್ದರು.