ಬಾವಿ ಕಡೆಯ ಎಲೆಗಳು

ಸತ್ತವರಿಗೆ ಊಟ ಬಡಿಸುವುದೂ ಈಗ ಅಗ್ಗದ ಕೆಲಸವಲ್ಲ. ಹೋದ ವರ್ಷ ಹಿರಿಯರ ಹಬ್ಬಕ್ಕೆ ಹೊಸೂರಿನ ಕಡೆಯ ನಮ್ಮ ತಳಿ ಪೇಟೆಯಲ್ಲಿ ಮಟನ್ ಕಿಲೋ ಎಂಟುನೂರೈವತ್ತು ಇತ್ತು. ಎಣ್ಣೆ, ಬೆಲ್ಲ, ಉದ್ದಿನಬೇಳೆ, ಹಿರಿಯರ ಮುಂದಿಡಲು ಒಂದು ಪಂಚೆ, ಒಂದು ಸೀರೆ, ಎಲ್ಲ ಸೇರಿ ಏಳು ಸಾವಿರ ದಾಟಿತು. ಬಾಳೆ ಎಲೆಗೆ ಮಾತ್ರ ಖರ್ಚಿಲ್ಲ, ಹಿತ್ತಲಲ್ಲೇ ಇದೆ. ಎಲೆ ಕೊಯ್ಯುವುದು ಸೊಸೆಯಾದ ನನ್ನ ಕೆಲಸ. ಈ ಮನೆಗೆ ಬಂದಾಗಿನಿಂದ ಮನೆಯೊಳಗಿನವರಿಗೆ ಬೇರೆ, ಹೊರಗಿನವರಿಗೆ ಬೇರೆ ಅಂತ ಎರಡು ಕಟ್ಟು ಕೊಯ್ಯುತ್ತಿದ್ದೇನೆ.

ಒಳಗಿನ ಎಲೆಗಳಿಗೆ ಹೆಸರಿದೆ. ನಮ್ಮತ್ತೆ ರುಕ್ಮಿಣಮ್ಮ ಒಂದೊಂದು ಎಲೆಯ ಮುಂದೆಯೂ ನೀರು ಬಿಟ್ಟು ಹೆಸರು ಹಿಡಿದು ಕರೆಯುತ್ತಾರೆ. ನನ್ನ ಗಂಡನ ತಾತ ರಾಮಕೃಷ್ಣಪ್ಪ ತೊಂಬತ್ತು ದಾಟಿ ಹೋದವರು. ಅವರ ಎಲೆಗೆ ಮೂಳೆಯಿಲ್ಲದ ತುಂಡು, ಕೊನೆಗಾಲದಲ್ಲಿ ಹಲ್ಲಿರಲಿಲ್ಲವಲ್ಲ. ನಮ್ಮ ಮಾವ ದಾಸಪ್ಪನವರಿಗೆ ವಡೆ ಜಾಸ್ತಿ, ಪಕ್ಕದಲ್ಲಿ ಬೀಡಿ ಕಟ್ಟು. ಗಂಡನ ಹೆಸರನ್ನು ಅತ್ತೆ ತಾವು ಹೇಳುವುದಿಲ್ಲ, ಮಗನ ಬಾಯಲ್ಲಿ ಹೇಳಿಸುತ್ತಾರೆ. ಮಾವ ಹೋದದ್ದು ಎಂಬತ್ತೆಂಟನೇ ವಯಸ್ಸಿಗೆ. "ನಮ್ದು ತೊಂಬತ್ತರ ವಂಶ" ಅನ್ನುವುದು ನನ್ನ ಗಂಡ ರಾಮಮೂರ್ತಿಯ ಮಾಮೂಲಿ ಮಾತು. ಹೆಣ್ಣು ನೋಡಲು ಹೋದಲ್ಲೂ ಅದೇ, ಸಾವಿನ ಮನೆಗೆ ಹೋದಲ್ಲೂ ಅದೇ.

ಹೊರಗಿನ ಮೂರು ಎಲೆಗಳಿಗೆ ಹೆಸರಿಲ್ಲ. ಒಳಗೆ ಎಡೆ ಇಟ್ಟು, ಹಿರಿಯರು ಉಣ್ಣಲಿ ಅಂತ ಬಾಗಿಲು ಮುಚ್ಚಿ ನಾವೆಲ್ಲ ಜಗಲಿಯಲ್ಲಿ ಕೂರುತ್ತೇವಲ್ಲ, ಆ ಹೊತ್ತಿಗೆ ಅತ್ತೆ ಒಂದು ಮಂಕರಿಯಲ್ಲಿ ಆ ಮೂರು ಎಲೆ ಇಟ್ಟುಕೊಂಡು, ಮೇಲೆ ಬಟ್ಟೆ ಮುಚ್ಚಿ, ಹೊಲದಂಚಿನ ಹಳೇ ಬಾವಿಯ ಕಡೆ ಒಬ್ಬರೇ ಹೋಗುತ್ತಾರೆ. ಬಾವಿ ಈಗಿಲ್ಲ. ಬೋರು ಹಾಕಿಸಿದ ವರ್ಷ ಮಾವನೇ ಮಣ್ಣು ತುಂಬಿಸಿದರು. ಹೊಸ ಸೊಸೆಯಾಗಿದ್ದಾಗ ಯಾರಿಗೆ ಅಂತ ಕೇಳಿದ್ದೆ. "ಬಾವಿ ಕಡೇರು. ಹೆಸರಿಡಿದು ಕರೆದ್ರೆ ಒಳಕ್ಕೆ ಬತ್ತಾರೆ. ಬಂದ್ರೆ ಒಬ್ಬರನ್ನ ಕರ್ಕೊಂಡೇ ಹೋಗೋದು" ಅಂದಿದ್ದರು. ಆಮೇಲೆ ನಾನು ಕೇಳಲಿಲ್ಲ.

ಹೋದ ವರ್ಷ ಆ ಹಬ್ಬಕ್ಕೆ ಎರಡು ವಾರ ಮುಂಚೆ ನನ್ನ ಮಗ ಜಗನ್ ಬಿದ್ದ. ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಅವನಿಗೆ ಕೆಲಸ. ಶಿಫ್ಟ್ ಮುಗಿಸಿ, ಹೊರಟಿದ್ದ ಕಂಪನಿ ಬಸ್ಸಿನ ಹಿಂದೆ ಓಡಿದ್ದಾನೆ. ಓಡುತ್ತಿದ್ದವನು ಒಂದು ಸದ್ದೂ ಮಾಡದೆ ಮಕಾಡೆ ಬಿದ್ದನಂತೆ. ನಾವು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎದ್ದು ಕೂತು ಇಡ್ಲಿ ತಿನ್ನುತ್ತಿದ್ದ.

ಡಾಕ್ಟರ್ ಚಂದ್ರಲೇಖಾ ತಮಿಳಿನವರು, ನಿಧಾನಸ್ತೆ. ಇಸಿಜಿ ಕಾಗದವನ್ನು ಬೆಳಕಿಗೆ ಹಿಡಿದು ಮೂರು ಸಲ ನೋಡಿದರು. ನಮಗೆಲ್ಲ ತಮಿಳು ಬರುತ್ತದೆ.

"ನಿಮ್ಮ ವಂಶದಲ್ಲಿ ಚಿಕ್ಕ ವಯಸ್ಸಿಗೆ ಇದ್ದಕ್ಕಿದ್ದಂತೆ ಯಾರಾದರೂ ಸತ್ತಿದ್ದಾರಾ?" ಅಂದರು.

"ನಮ್ದು ತೊಂಬತ್ತರ ವಂಶ, ಮೇಡಂ" ಅಂದ ನನ್ನ ಗಂಡ.

"ನೀರಿನಲ್ಲಿ? ಈಜು ಚೆನ್ನಾಗಿ ಬಂದರೂ ಮುಳುಗಿ ಹೋದವರು? ಸೊಲ್ಲುಂಗ, ಹೇಳಿ."

ಅವನು ನೆಲ ನೋಡಿದ. "ಇಲ್ಲ" ಅಂದ.

ಆಕೆ ಬರೆಯುವುದನ್ನು ನಿಲ್ಲಿಸಿ ನಮ್ಮಿಬ್ಬರ ಮುಖ ನೋಡಿದರು. "ಬಿಸಿಲಿಗೆ, ಹಸಿವಿಗೆ ಬಿದ್ದಿರಬಹುದು. ಗೆರೆ ಸ್ವಲ್ಪ ಹೆಚ್ಚುಕಡಿಮೆ ಇದೆ, ಇದೊಂದರಿಂದಲೇ ಹೇಳಲಾರೆ. ಹೃದಯದ ತಾಳ ತಪ್ಪುವ ಒಂದು ಕಾಯಿಲೆ ಇದೆ, ಅದು ಮನೆತನದಲ್ಲೇ ಇಳಿದು ಬರುತ್ತದೆ. ಓಡುವಾಗ, ಈಜುವಾಗ ಹೊಡೆಯುತ್ತದೆ. ಅದೇ ಆಗಿದ್ದರೆ ಇನ್ನೊಂದು ಸಲ ಬಿದ್ದವನು ಏಳದೇ ಇರಬಹುದು. ಓಡಬೇಡ, ನೀರಿಗಿಳಿಯಬೇಡ. ಹಬ್ಬ ಮುಗಿದ ಸೋಮವಾರ ಬನ್ನಿ. ಮನೆಯಲ್ಲಿ ದೊಡ್ಡವರನ್ನು ಕೇಳಿಕೊಂಡು ಬನ್ನಿ."

ಬಸ್ಸಿನಲ್ಲಿ ನಾನು ಗಂಡನ ಕಿವಿಯ ಹತ್ತಿರ, "ಆ ಮೂರು ಎಲೆ ಯಾರ್ದು?" ಅಂದೆ.

"ಬಾಯಿ ಮುಚ್ಕೊಂಡು ಕೂತ್ಕ. ಮಗ ಎದ್ದವ್ನೆ. ಈಗ ಅವರನ್ನ ಎಬ್ಬಿಸ್ಬೇಡ" ಅಂದ. ಊರು ಬರುವವರೆಗೂ ಸೀಟಿನ ಕಂಬಿ ಬಿಡಲಿಲ್ಲ.

ಆ ದಿನಗಳನ್ನು ಹೇಗೆ ಕಳೆದೆನೋ. ಬಚ್ಚಲಿನಲ್ಲಿ ಚೊಂಬಿನ ಸದ್ದು ನಿಂತರೆ ಬಾಗಿಲಿಗೆ ಓಡುತ್ತಿದ್ದೆ.

"ಜಗಾ, ಸೋಪು ಐತೇನ್ಲಾ?"

"ಐತಮ್ಮೋ! ಬೆಳಗಿಂದ ಇದು ಎಷ್ಟನೇ ಸಲ? ಸೋಪಿನಂಗಡಿ ಇಡ್ಲಾ?"

ನಗುತ್ತಿದ್ದ. ಒಂದು ಸಂಜೆ ಗೆಳೆಯರು ಚೆಕ್ ಡ್ಯಾಮಿಗೆ ಕರೆಯಲು ಬಂದರು, ಮಳೆಗೆ ತುಂಬಿತ್ತು. ನಾನು ಅವನ ಗಾಡಿಯ ಕೀಲಿಯನ್ನು ರಾಗಿ ಡಬ್ಬದೊಳಗೆ ಹುದುಗಿಸಿಟ್ಟೆ. ಅವನು ಮನೆಯೆಲ್ಲ ಹುಡುಕಿ ಸಿಟ್ಟಿನಲ್ಲಿ ಉಣ್ಣದೆ ಮಲಗಿದ. ಸಿಟ್ಟಿನಲ್ಲಾದರೂ ಜೀವಂತ ಇರಲಿ ಅಂತ ಕೀಲಿ ಕೊಡಲಿಲ್ಲ.

ಹಬ್ಬದ ದಿನ ಬಾಗಿಲು ಮುಚ್ಚಿದ ಮೇಲೆ ಅತ್ತೆ ಮಂಕರಿ ಎತ್ತಿಕೊಂಡರು. ನಾನೂ ಹಿಂದೆಯೇ ಹೊರಟೆ. ಗಂಡ ಜಗಲಿಯಿಂದ "ಏಯ್ ಪಾರ್ವತೀ!" ಅಂತ ಕೂಗಿದ. ತಿರುಗಲಿಲ್ಲ.

ಬಾವಿಯಿದ್ದ ಕಡೆ ನೆಲ ಒಂದು ತಟ್ಟೆಯ ಹಾಗೆ ತಗ್ಗಿದೆ. ಎಷ್ಟು ಮಣ್ಣು ಸುರಿದರೂ ಮಳೆಗಾಲಕ್ಕೊಮ್ಮೆ ಕುಸಿಯುತ್ತದೆ. ಅತ್ತೆ ಎಲೆ ಹಾಸುತ್ತಿದ್ದರು. ನನ್ನ ಕಾಲ ಸದ್ದಿಗೆ ಬೆಚ್ಚಿದರು.

"ಯಾಕೆ ಬಂದೆ? ನಡಿ, ನಡಿ. ಮಕ್ಕಳೊಂದಿಗಳು ಬರೋ ಜಾಗ ಅಲ್ಲ ಇದು."

"ಇವರ ಹೆಸರು ಹೇಳಿ, ಅತ್ತೆ."

"ತಲೆ ಕೆಟ್ಟೈತಾ ನಿಂಗೆ? ತಲೆಮಾರಿಗೊಬ್ಬರು ಅಂತ ತಿಂದೈತೆ ಈ ಬಾವಿ. ಈಗ ನಿನ್ನ ಮಗನ ತಲೆಮಾರು. ಹೆಸರು ಹೇಳ್ಬೇಕಂತೆ, ಹೆಸರು!"

"ಡಾಕ್ಟ್ರು ಕೇಳವ್ರೆ. ಈಜು ಬರೋರು ಯಾರಾದ್ರೂ ಮುಳುಗಿ ಹೋದ್ರಾ ಅಂತ."

ನೀರು ಬಿಡುತ್ತಿದ್ದ ಅತ್ತೆಯ ಕೈ ಹಾಗೆಯೇ ನಿಂತಿತು.

"ಏನಂದೆ? ಈಜು ಬರೋರಾ?"

"ಹೂಂ. ಅದೊಂದು ಕಾಯಿಲೆಯಂತೆ. ನೀರಲ್ಲಿ ಗುಂಡಿಗೆ ತಾಳ ತಪ್ತದಂತೆ. ಕೂಗೋಕೂ ಆಗಲ್ವಂತೆ."

ಅತ್ತೆ ಅಲ್ಲೇ ಬದುವಿನ ಮೇಲೆ ಕೂತುಬಿಟ್ಟರು. ಆಮೇಲೆ ಮೊದಲನೇ ಎಲೆಯ ಕಡೆ ಬೆರಳು ತೋರಿಸಿದರು.

"ಇದು ರಾಮಯ್ಯ. ನಮ್ಮ ಮಾವನ ತಮ್ಮ. ಎತ್ತು ಕಟ್ಟಿ ನೀರೆತ್ತೋ ಕಪಿಲೆ ಹಗ್ಗ ಬಾವಿಗೆ ಬಿತ್ತು ಅಂತ ಇಳಿದೋನು ಬರಲಿಲ್ವಂತೆ. ಇದು ವೆಂಕಟಸ್ವಾಮಿ, ನಿನ್ನ ಮಾವನ ತಮ್ಮ, ನನ್ನ ಮೈದುನ. ನಾನು ಮದುವೆಯಾಗಿ ಬಂದ್ಮೇಲೆ ಹೋದ. ಆಳುಗಳ ಜತೆ ಪಂದ್ಯ ಕಟ್ಟಿ ಹಾರಿದ, ಮೇಲಕ್ಕೆ ಬರಲೇ ಇಲ್ಲ. ಊರಿಗೇ ಈಜು ಕಲಿಸ್ದೋನು ಕಣೇ ಅವ್ನು."

ಮೂರನೇ ಎಲೆಯ ಮೇಲೆ ಕಡ್ಲೆಮಿಠಾಯಿಯೂ ಎರಡು ಹಸಿರು ಬಳೆಯೂ ಇದ್ದವು.

"ಮಂಗಳಾ" ಅಂದರು. "ನನ್ನ ದೊಡ್ಡ ಮಗಳು. ನಿನ್ನ ಗಂಡನ ಅಕ್ಕ."

ನನ್ನ ಗಂಡನಿಗೆ ಅಕ್ಕ ಇದ್ದಳೆಂದು ಅಷ್ಟು ವರ್ಷ ಈ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

"ಮೀನಿನಂಗೆ ಈಜ್ತಿದ್ಲು. ಅದಕ್ಕೇ ಕಣೇ ಜನ ಆಡ್ಕೊಂಡಿದ್ದು. ಈಜು ಬರ್ದೋಳಾದ್ರೆ ಕಾಲು ಜಾರ್ತು ಅನ್ಬೋದು. ಬರೋಳು ಮುಳುಗ್ಬೇಕಾದ್ರೆ ತಾನೇ ಬೇಕೂಂತ ಬಿದ್ದಿರ್ಬೇಕು ಅಂದ್ರು. ನೋಡಿದ್ದ ಗಂಡು ಒಲ್ಲೆ ಅಂತ ಹಿಂದಿನ ದಿನ ಅತ್ತಿದ್ಲು. ನಿನ್ನ ಮಾವ ಹೆಸರೆತ್ತಬೇಡಿ ಅಂದ್ಬುಟ್ರು. ನಾನೂ..." ಸೆರಗಿನಲ್ಲಿ ಬಾಯಿ ಒತ್ತಿಕೊಂಡರು. "ನಾನೂ ಹಂಗೇ ಅಂದ್ಕೊಂಡೆ, ಪಾರ್ವತಿ. ನನ್ನ ಮೇಲಿನ ಸಿಟ್ಟಿಗೇ ಬಿದ್ಲು ಅಂತ."

ಸೋಮವಾರ ಅತ್ತೆ ನಮಗಿಂತ ಮುಂಚೆ ಬಸ್ ಸ್ಟಾಪಿನಲ್ಲಿದ್ದರು. ನನ್ನ ಗಂಡ "ನೀನ್ಯಾಕಮ್ಮ?" ಅಂದಿದ್ದಕ್ಕೆ "ನಿನ್ನ ಬಾಯಿಗೆ ತೊಂಬತ್ತು ಬಿಟ್ರೆ ಬೇರೆ ಲೆಕ್ಕ ಬರಲ್ಲ, ಅದಕ್ಕೆ" ಅಂದರು.

ಡಾಕ್ಟರು ಕೇಳುತ್ತ ಹೋದಂತೆ ಕಾಗದದ ಮೇಲೆ ವಂಶವನ್ನು ಬರೆದರು. ಗಂಡಸಿಗೆ ಚೌಕ, ಹೆಣ್ಣಿಗೆ ಗುಂಡು, ಸತ್ತವರ ಮೇಲೆ ಒಂದು ಅಡ್ಡಗೆರೆ. ರಾಮಕೃಷ್ಣಪ್ಪನ ಪಕ್ಕ ರಾಮಯ್ಯ, ದಾಸಪ್ಪನ ಪಕ್ಕ ವೆಂಕಟಸ್ವಾಮಿ, ರಾಮಮೂರ್ತಿಯ ಪಕ್ಕ ಮಂಗಳಾ. ಕೆಳಗೆ ಜಗನ್, ಅವನ ಅಕ್ಕ ಸಹನಾ, ಸಹನಾಳ ಐದು ವರ್ಷದ ಮಗಳು. ಅತ್ತೆ ಬಗ್ಗಿ ನೋಡಿ, "ಮಂಗಳಾ ಒಳಗವ್ಳಾ, ಹೊರಗವ್ಳಾ?" ಅಂದರು. ನಾನು ಅದನ್ನು ಡಾಕ್ಟರಿಗೆ ತಮಿಳಿನಲ್ಲಿ ಹೇಳಿದೆ.

ಡಾಕ್ಟರು ಆ ಗುಂಡಿನ ಮೇಲೆ ಅತ್ತೆಯ ಬೆರಳನ್ನು ಹಿಡಿದಿಟ್ಟರು. "ಎಲ್ಲರೂ ಒಂದೇ ಕಾಗದದಲ್ಲಿದ್ದಾರೆ, ಪಾಟಿ" ಅಂದರು, ನಾವು ಅಜ್ಜಿ ಅನ್ನುವ ಹಾಗೆ.

ಅವತ್ತೇ ನನ್ನ ಗಂಡನ ಇಸಿಜಿ ಮಾಡಿಸಿದರು. ಒಂದು ದಿನವೂ ತಲೆ ಸುತ್ತದ ಅವನ ಗೆರೆಯಲ್ಲೂ ಅದೇ ಏರುಪೇರು. ಗಂಡನ ಊರು ಬಾಗಲೂರಿನಿಂದ ಸಹನಾ ಮಗುವನ್ನು ಕರೆತಂದಳು. ಸಹನಾಳಿಗೂ ಇತ್ತು, ಮಗುವಿಗೂ ಇತ್ತು. ಬೆಂಗಳೂರಿಗೆ ಕಳಿಸಿದ ನಾಲ್ವರ ರಕ್ತ ಪರೀಕ್ಷೆಯೂ ಅದನ್ನೇ ಹೇಳಿತು. ತೊಂಬತ್ತು ಬದುಕಿದವರಲ್ಲೂ ಅದು ಇದ್ದಿರಬೇಕು, ಅವರನ್ನು ಮುಟ್ಟದೆ ಮುಂದಿನವರಿಗೆ ಇಳಿದಿರಬೇಕು ಅಂದರು ಡಾಕ್ಟರು. ಸತ್ತವರ ವಿಷಯ ಇಷ್ಟು ವರ್ಷದ ಮೇಲೆ ಖಾತ್ರಿಯಾಗಿ ಹೇಳಲಾರೆ ಅಂತಲೂ ಅಂದರು. "ಆದರೆ ನನ್ನನ್ನು ಕೇಳಿದರೆ, ಆ ಹುಡುಗಿ ಈಜಲು ಇಳಿದಳು, ಅಷ್ಟೇ." ಅತ್ತೆಗೆ ಅಷ್ಟು ಸಾಕಾಗಿತ್ತು.

ಈ ವರ್ಷ ಹಬ್ಬಕ್ಕೆ ಎಲ್ಲ ಎಲೆಗಳನ್ನೂ ಒಳಗೇ ಹಾಸಿದೆವು. ಬಾವಿ ಕಡೆಯವರನ್ನು ಅತ್ತೆ ಹೆಸರು ಹಿಡಿದು ಕರೆದರು. ಮಂಗಳಾ ಅನ್ನುವಾಗ ನನ್ನ ಗಂಡ ಜಗನ್‌ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದ. ನನಗೂ ಭಯವಿತ್ತು, ಸುಳ್ಳೇಕೆ ಹೇಳಲಿ. ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂತೆವು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋದೆವು. ಅನ್ನ ಆರಿತ್ತು, ನಾವು ಎಲ್ಲರೂ ಇದ್ದೆವು.

ನಮ್ಮವರಲ್ಲಿ ನಾಲ್ವರು ದಿನವೂ ಮಾತ್ರೆ ನುಂಗುತ್ತಾರೆ. ಜಗನ್ ಕಬಡ್ಡಿ ಬಿಟ್ಟ, ಚೆಕ್ ಡ್ಯಾಮಿನ ಕಡೆ ಹೋಗುವುದಿಲ್ಲ. ಮಗುವಿಗೆ ಈಜು ಕಲಿಸುವುದಿಲ್ಲ. ಅವಳು ಅಂಗಳದಲ್ಲಿ ಓಡಿದರೆ ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ಹಿಂದೆ ಹೋಗುತ್ತೇನೆ, ಆ ಭಯ ಹೋಗುವುದಿಲ್ಲ.

ನಮಗೆ ದಕ್ಕಿದ್ದು ಜಗನ್. ಅತ್ತೆಗೆ ಮಗಳು ವಾಪಸ್ಸು ಸಿಕ್ಕಳು, ತಾಯಿಯ ಮೇಲೆ ಸಿಟ್ಟಿಲ್ಲದ ಮಗಳು. ಆ ಸಿಟ್ಟನ್ನು ನಂಬಿಕೊಂಡು ಅವರು ಬದುಕಿದ ನಲವತ್ತಾರು ವರ್ಷ ಮಾತ್ರ ಹೋಯಿತು.