‘ಬರಲಿಲ್ಲ’ ಎಂದು ಬರೆದದ್ದು

"ಬರಲಿಲ್ಲ. ಬರಲಿಲ್ಲ. ಇಲ್ಲೂ ಬರಲಿಲ್ಲ," ಎಂದು ಡಾಕ್ಟರ್ ಕ್ವೋಫಿ ಫೈಲಿನ ಹಾಳೆಯ ಮೇಲೆ ಪೆನ್ನಿನ ತುದಿ ಇಳಿಸುತ್ತಾ ಓದಿದರು. "ಹೋದ ವರ್ಷ ಪೂರ್ತಿ ನೀನು ಇಂಜೆಕ್ಷನ್ನಿಗೆ ಬಂದೇ ಇಲ್ಲವಲ್ಲ ಅರಾಬಾ. ಹಿಂಗಿದ್ದೋಳ ಹೆಸರನ್ನ ಆಪರೇಷನ್ ಪಟ್ಟಿಗೆ ಹೆಂಗೆ ಹಾಕೋಕಾಗ್ತಿತ್ತು?"

ಅರಾಬಾಳಿಗೆ ಒಂದು ಕ್ಷಣ ಅವರು ಬೇರೆ ಯಾರದೋ ವಿಷಯ ಓದುತ್ತಿದ್ದಾರೆ ಅನ್ನಿಸಿತು. ಹುಡುಗಿಯಾಗಿದ್ದಾಗ ಬಂದ ಜ್ವರವೊಂದು ಗಂಟಲಿನಿಂದ ಕೀಲಿಗೆ, ಕೀಲಿನಿಂದ ಹೃದಯಕ್ಕೆ ಇಳಿದು ಅದರ ಕವಾಟ ಕೆಡಿಸಿತ್ತು. ಇನ್ನಷ್ಟು ಕೆಡದಿರಲೆಂದು ತಿಂಗಳಿಗೊಮ್ಮೆ ಇಂಜೆಕ್ಷನ್. ಈಗ ಹೊಲಿಗೆ ಯಂತ್ರದ ಪೆಡಲು ತುಳಿದರೂ ಏದುಸಿರು. ರಾತ್ರಿ ಗೋಡೆಗೆ ಒರಗಿ ಕೂತೇ ನಿದ್ದೆ. ಕವಾಟ ಬದಲಿಸುವ ಹೊರದೇಶದ ಸರ್ಜನ್ನರು ರಾಜಧಾನಿಗೆ ಬರುವುದು ವರ್ಷಕ್ಕೊಮ್ಮೆ ಮಾತ್ರ.

"ನಾನು ಪ್ರತಿ ತಿಂಗಳೂ ಬಂದಿದ್ದೀನಿ," ಎಂದಳು.

"ಫೈಲು ಹಂಗೆ ಹೇಳಲ್ಲ."

"ಫೈಲಿಗೆ ಬಾಯಿದೆಯಾ ಡಾಕ್ಟ್ರೇ? ಔಷಧಿ ಇಲ್ಲ, ಮುಂದಿನ ತಿಂಗಳು ಬಾ ಅಂತ ವಾಪಸ್ ಕಳಿಸಿದ್ದು ನೀವೇ!"

ಪಕ್ಕದಲ್ಲಿದ್ದ ಅವಳ ಅಮ್ಮ ಎಫುವಾ ಮಗಳ ತೊಡೆ ಚಿವುಟಿದಳು. "ಮೆತ್ತಗೆ ಮಾತಾಡೇ. ದೊಡ್ಡೋರು ಅವರು."

ಡಾಕ್ಟರು ಸಿಟ್ಟಾಗಲಿಲ್ಲ. ಅದೇ ಅರಾಬಾಳನ್ನು ಇನ್ನಷ್ಟು ಉರಿಸಿತು. "ನೋಡಮ್ಮ, ಹೊಸ ಕವಾಟ ಹಾಕಿದ ಮೇಲೆ ಸಾಯೋವರೆಗೂ ದಿನಾ ಮಾತ್ರೆ ನುಂಗಬೇಕು. ತಪ್ಪಿಸಿದ್ರೆ ರಕ್ತ ಹೆಪ್ಪುಗಟ್ಟಿ ಜೀವ ಹೋಗತ್ತೆ. ತಪ್ಪಿಸೋ ಅಭ್ಯಾಸ ಇರೋರಿಗೆ ಹಾಕಿದ್ರೆ ನಾವೇ ಕೊಂದಂಗೆ. ರೋಗಿಗಳಿಗೆ ಮರೆವು ಜಾಸ್ತಿ, ಅದಕ್ಕೇ ಬರೆದಿಡೋದು."

ಅರಾಬಾ ಎದ್ದಳು. ಬಾಗಿಲ ಬಳಿ ಟ್ರೇ ಹಿಡಿದು ನಿಂತಿದ್ದ ನರ್ಸ್ ಮೆನ್ಸಿಮಾ ನೆಲ ನೋಡುತ್ತಿದ್ದಳು. ಇಂಜೆಕ್ಷನ್ ಕೋಣೆಯಲ್ಲಿ ಕೂತು ಆ ಹಾಳೆಗಳನ್ನು ತುಂಬುತ್ತಿದ್ದವಳು ಅವಳೇ. ಭಾನುವಾರ ಚರ್ಚಿನಲ್ಲಿ ಅರಾಬಾಳ ಮುಂದಿನ ಸಾಲಿನಲ್ಲಿ ನಿಂತು ಹಾಡುತ್ತಿದ್ದವಳು.

"ಆಂಟಿ, ನೀವು ಹೇಳಿ. ನಾನು ಬಂದಿರ್ಲಿಲ್ವಾ?"

ಮೆನ್ಸಿಮಾ ಟ್ರೇಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. "ಬಂದಿದ್ದೆ," ಎಂದಳು, ಕೇಳಿಯೂ ಕೇಳದಷ್ಟು ಮೆಲ್ಲಗೆ.

"ಮತ್ತೆ ಯಾಕೆ ಹಂಗೆ ಬರೆದ್ರಿ?"

"ಔಷಧಿ ಇಲ್ಲ ಅಂತ ಬರೆದ್ರೆ ಮೇಲಿನೋರು ನನ್ನನ್ನ ಕೇಳ್ತಾರೆ. ನೀನು ಬರಲಿಲ್ಲ ಅಂತ ಬರೆದ್ರೆ ಯಾರೂ ಯಾರನ್ನೂ ಕೇಳಲ್ಲ. ನಂಗೂ ಮಕ್ಕಳಿದ್ದಾರೆ ಅರಾಬಾ."

ಅವಳ ಕೆನ್ನೆಗೆ ಬಾರಿಸಬೇಕೆಂದು ಅರಾಬಾಳ ಕೈ ತುರಿಸಿತು. ಬಾರಿಸಲಿಲ್ಲ. ಬಾಗಿಲು ದೂಡಿಕೊಂಡು ಜನ ಕಿಕ್ಕಿರಿದು ಕೂತಿದ್ದ ಮೊಗಸಾಲೆಗೆ ಬಂದು ಗಂಟಲು ಹರಿಯುವಂತೆ ಕೂಗಿದಳು: "ಹೋದ ವರ್ಷ ಔಷಧಿ ಇಲ್ಲ ಅಂತ ಯಾರ್ಯಾರನ್ನ ವಾಪಸ್ ಕಳಿಸಿದ್ರು? ಒಳಗೆ ಹೋಗಿ ನಿಮ್ಮ ಫೈಲು ಓದಿಸ್ಕೊಳ್ಳಿ! ನೀವೇ ಬರಲಿಲ್ಲ ಅಂತ ಬರೆದಿದ್ದಾರೆ!"

ಎಬೊ ಎಂಬ ಮುದಿ ಬೆಸ್ತ ಗೋಡೆ ಹಿಡಿದು ಎದ್ದ. "ನನ್ನದು ಓದಿ ಡಾಕ್ಟ್ರೇ. ಕುಡೀತಾನೆ ಅಂತ ಬರೆದಿದ್ರೆ ಅದೊಂದು ಹಂಗೇ ಇರ್ಲಿ, ಅದು ನಿಜ. ಉಳಿದದ್ದು ಓದಿ."

ಕೆಲವರು ನಕ್ಕರು. ನಗು ಬಹಳ ಹೊತ್ತು ನಿಲ್ಲಲಿಲ್ಲ. ಡಾಕ್ಟರು ಎಬೊನ ಫೈಲು ತೆಗೆದರು. ಅಲ್ಲೂ ಅದೇ ಮಾತು. ಬೆನ್ನಿಗೆ ಮಗು ಕಟ್ಟಿಕೊಂಡ ಹೆಂಗಸಿನದರಲ್ಲೂ ಅದೇ. ಬೆಂಚುಗಳು ಕಿರುಗುಟ್ಟಿದವು, ಜನ ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲಿಗೆ ಮುತ್ತಿದರು. ಡಾಕ್ಟರ ಮುಖದ ಬಣ್ಣ ಇಳಿಯಿತು.

ಅರಾಬಾಳನ್ನು ಮತ್ತೆ ಒಳಗೆ ಕರೆದು ಕೂರಿಸಿದರು. ಹಳೆಯ ಸಾಲುಗಳ ಮೇಲೆ ಗೆರೆ ಎಳೆದು, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಂಡರು. ಬರೆದು ಮುಗಿಸಿ ಪೆನ್ನು ಕೆಳಗಿಟ್ಟರು.

"ಈ ಸಲದ ಪಟ್ಟಿ ನಿನ್ನೆಯೇ ಹೋಗಿಬಿಟ್ಟಿದೆ," ಎಂದರು. "ಫೋನ್ ಮಾಡ್ತೀನಿ. ಆದ್ರೆ ಆಸೆ ಇಟ್ಕೋಬೇಡ. ಮುಂದಿನ ವರ್ಷ ನಿನ್ನ ಹೆಸರೇ ಮೊದಲು."

"ಮುಂದಿನ ವರ್ಷ ನಾನಿರ್ತೀನಿ ಅಂತ ಎಲ್ಲಾದ್ರೂ ಬರೆದಿದೆಯಾ?"

ಡಾಕ್ಟರು ಫೈಲು ಮುಚ್ಚಿದರು. ಎಫುವಾ ಕೈಮುಗಿದು, "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ," ಎಂದಳು. ಅರಾಬಾ ಅಮ್ಮನ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿ ಹೊರಗೆ ಕರೆದುಕೊಂಡು ಹೋದಳು.

ಆಸ್ಪತ್ರೆಯೆದುರಿನ ಬೇವಿನ ಮರದಡಿ ಒಂದೇ ಬೆಂಚು. ಊರಿಗೆ ಹೋಗುವ ವ್ಯಾನಿನ ಸುಳಿವಿರಲಿಲ್ಲ. ಅರಾಬಾಳ ಎದೆ ರವಿಕೆಯ ಮೇಲೇ ಕಾಣುವಂತೆ ಬಡಿದುಕೊಳ್ಳುತ್ತಿತ್ತು. ಎಫುವಾ ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಸ್ವಲ್ಪ ಹೊತ್ತಿಗೆ ಪಾಳಿ ಮುಗಿಸಿದ ಮೆನ್ಸಿಮಾ ಬಂದಳು. ಅವಳೂ ಅದೇ ವ್ಯಾನು ಹಿಡಿಯಬೇಕು.

ಬೆಂಚಿನ ಮೇಲೆ ಮೂರನೆಯವರಿಗೆ ಜಾಗವಿತ್ತು. ಅಲ್ಲಿ ಅರಾಬಾಳ ಚೀಲವಿತ್ತು. ಎಫುವಾ ಅದನ್ನು ಎತ್ತಲು ಕೈ ಚಾಚಿದಳು. ಮಗಳ ಮುಖ ನೋಡಿ ಹಿಂದಕ್ಕೆ ತೆಗೆದುಕೊಂಡಳು.

ಮೆನ್ಸಿಮಾ ನೆರಳಿನ ಅಂಚಿನಾಚೆ, ಬಿಸಿಲಿನಲ್ಲಿ, ಬಿಳಿ ಬೂಟುಗಳನ್ನು ಜೋಡಿಸಿಕೊಂಡು ನಿಂತಳು.