ಮುಟ್ಟದೆ ದಾಟಿಸಿದ ಪಾತ್ರೆ

ಕುಡಿತ ಬಿಡಿಸುವ ಆ ಮನೆಯಲ್ಲಿ ಹದಿನಾಲ್ಕು ಹಾಸಿಗೆ. ಎಲ್ಲವೂ ಕಬ್ಬಿಣದ ಮಂಚ, ಎರಡು ಸಾಲು, ನಡುವೆ ಒಬ್ಬ ಮನುಷ್ಯ ನಡೆಯುವಷ್ಟು ದಾರಿ. ಬೆಳಿಗ್ಗೆ ಐದಕ್ಕೆ ಪ್ರಾರ್ಥನೆ, ಆಮೇಲೆ ಕಸ ಗುಡಿಸುವುದು, ತರಕಾರಿ ಹೆಚ್ಚುವುದು, ಹಿತ್ತಿಲಿನಲ್ಲಿ ಅಗೆಯುವುದು, ಸಂಜೆ ಮತ್ತೆ ಪ್ರಾರ್ಥನೆ. ಹೀಗೆ ತೊಂಬತ್ತು ದಿನ. ನಡೆಸುತ್ತಿದ್ದವರನ್ನು ಎಲ್ಲರೂ ಅಣ್ಣ ಎನ್ನುತ್ತಿದ್ದರು. ಅವರೂ ಒಂದು ಕಾಲಕ್ಕೆ ಚರಂಡಿಯ ಪಕ್ಕ ಮಲಗಿ ಎದ್ದವರೇ. ಕರ್ತನು ನನ್ನ ಕೈ ಹಿಡಿದು ಎಬ್ಬಿಸಿದ, ಹತ್ತೊಂಬತ್ತು ವರ್ಷವಾಯಿತು, ಇನ್ನೂ ಆ ಕೈ ಬಿಟ್ಟಿಲ್ಲ ಎಂದು ಹೇಳುತ್ತಿದ್ದರು.

ವೆಲ್ಡಿಂಗ್ ಕೆಲಸದವನೊಬ್ಬನಿದ್ದ, ಮನೆಯಲ್ಲಿ ಎಲ್ಲರಿಗೂ ಅವನು ವೆಲ್ಡರ್. ಅವನು ಆ ಮನೆಗೆ ಬಂದದ್ದು ಮೂರನೆಯ ಸಲ. ಮೊದಲ ಸಲ ಇಪ್ಪತ್ತೆರಡು ದಿನ ಇದ್ದು ಗೋಡೆ ಹಾರಿದ. ಎರಡನೆಯ ಸಲ ನಲವತ್ತು ದಾಟಿಸಿದ. ಆಮೇಲೊಂದು ಭಾನುವಾರ ಬಾಯಿಂದ ವಾಸನೆ ಹೊಡೆದಾಗ, ಯಾರೋ ನನ್ನ ಚಹಾಕ್ಕೆ ಬೆರೆಸಿದ್ದಾರೆ ಎಂದು ಆರಾಧನೆಯ ನಡುವೆ ಎದ್ದು ನಿಂತು ಆಣೆ ಇಟ್ಟ. ಯಾರೂ ನಂಬಲಿಲ್ಲ. ನಾಚಿಕೆಗೆ ಅವತ್ತೇ ಸಂಜೆ ಹೊರಟುಹೋದ. ಆ ಚಹಾದ ಮಾತು ಮಾತ್ರ ನಗೆಪಾಟಲಾಗಿ ಮನೆಯಲ್ಲೇ ಉಳಿದುಕೊಂಡಿತು.

ಮೂರನೆಯ ಸಲ ಅಕ್ಕನೇ ರಟ್ಟೆ ಹಿಡಿದು ಕರೆತಂದಳು. ಬಟ್ಟೆ ಒಗೆಯುವ ಅಂಗಡಿಯಲ್ಲಿ ಇಸ್ತ್ರಿ ಹಾಕುವ ಕೆಲಸ ಅವಳದು. ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಆಡಿಸಿ ಸಾಕಿದವಳು ಅವಳೇ. ಆಗ ಅವನ ಕಣ್ಣು ಹಳದಿ, ಹೊಟ್ಟೆ ತಮಟೆಯಂತೆ ಊದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಅವನ ಎದುರಿಗೇ ಹೇಳಿದ್ದರು: "ಇನ್ನೊಂದು ಸಲ ಶುರು ಮಾಡಿದ್ರೆ ಇಲ್ಲಿಗೆ ಕರ್ಕೊಂಡು ಬರಬೇಡಿ ಅಮ್ಮ. ನಾನು ಮಾಡೋದು ಏನೂ ಉಳಿದಿರಲ್ಲ."

ಆಫೀಸಿನ ಮೇಜಿನ ಮೇಲೆ ಸಹಿ ಹಾಕಿ ಅಕ್ಕ ಪೆನ್ನನ್ನು ಕೆಳಗಿಟ್ಟಳು. "ನೋಡೋ, ಮೂರನೇ ಸಲ ಸೈನ್ ಹಾಕಿದೀನಿ. ಇಲ್ಲಿಂದ ಆಚೆ ಬಿದ್ರೆ ನನ್ನ ಬಾಗಿಲಿಗೆ ಬರಬೇಡ. ನಾನು ತೆಗೆಯಲ್ಲ. ಒಳಗೆ ನಿಂತ್ಕೊಂಡು ಅಳ್ತೀನಿ. ಆದ್ರೆ ತೆಗೆಯಲ್ಲ."

ಅವಳು ಹೇಳಿದಂತೆ ಮಾಡುವವಳು ಎಂದು ಅವನಿಗೆ ಗೊತ್ತಿತ್ತು.

ಆ ಮನೆಗೊಂದು ಕಟ್ಟಳೆ ಇತ್ತು. ಕುಡುಕನಾದವನು ಬಾಯಿಬಿಟ್ಟು ನಿಜ ಹೇಳುವುದಿಲ್ಲ, ಅದು ಅಣ್ಣ ತಾವೇ ಅನುಭವಿಸಿ ಕಂಡದ್ದು. ಅದಕ್ಕೇ ಭಾನುವಾರದ ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದಲ್ಲಿ ಒಂದು ಉಪಾಯ ಮಾಡಿದ್ದರು. ರೊಟ್ಟಿ ಮುರಿದಾದ ಮೇಲೆ ಒಂದೇ ಪಾನಪಾತ್ರೆ ಸಾಲಿನುದ್ದಕ್ಕೂ ಕೈಯಿಂದ ಕೈಗೆ ಹೋಗುತ್ತದೆ. ಆಗ ಯಾರೂ ತುಟಿ ಪಿಟಕ್ಕೆನ್ನಬಾರದು. ಆ ವಾರದಲ್ಲಿ ಕದ್ದು ಕುಡಿದವನು ಪಾತ್ರೆಯನ್ನು ಬಾಯಿಗೆ ಮುಟ್ಟಿಸದೆ ಪಕ್ಕದವನಿಗೆ ದಾಟಿಸಬೇಕು. ಅದೇ ಅವನ ಒಪ್ಪಿಗೆ. ಮಧ್ಯಾಹ್ನ ಅಣ್ಣ ಒಳಗೆ ಕರೆದು ಮಾತಾಡುತ್ತಾರೆ. ಮೊದಲ ಸಲ ಬಂದವನಿಗೆ ಕ್ಷಮೆ, ಎರಡನೆಯ ಸಲ ಬಂದವನಿಗೂ ಕ್ಷಮೆ. ಮೂರನೆಯ ಸಲದವನು ಗಂಟು ಕಟ್ಟಬೇಕು. ಹೊರಗೆ ಹಾಸಿಗೆಗಾಗಿ ಕಾದಿರುವವರು ಇದ್ದಾರಲ್ಲ.

ಪಾತ್ರೆಯಲ್ಲಿ ಇರುತ್ತಿದ್ದದ್ದು ಬರೀ ದ್ರಾಕ್ಷಿಯ ಸಿಹಿನೀರು. ಶನಿವಾರ ಅಡುಗೆಯಮ್ಮ ಹಣ್ಣು ಕುದಿಸಿ, ಹಿಂಡಿ, ಸೋಸಿ ಸ್ಟೀಲಿನ ಜಗ್ಗಿನಲ್ಲಿ ಮುಚ್ಚಿಡುತ್ತಿದ್ದಳು. "ಡ್ರಮ್ಮುಗಟ್ಲೆ ಕುಡ್ದು ಬಂದ ಮಹಾರಾಜರು, ಇದಕ್ಕೆ ಮುಖ ಹಿಂಡ್ತೀರಲ್ಲ," ಎಂದು ಬೈಯುತ್ತಿದ್ದಳು. ಅದಕ್ಕೆ ವೆಲ್ಡರನ ಪಕ್ಕದ ಮಂಚದ ಬಸ್ ಡ್ರೈವರ್, "ಏನ್ಮಾಡೋದಮ್ಮಾ, ಡೀಸೆಲ್ ಗಾಡಿಗೆ ಶರಬತ್ತು ಹಾಕಿದ್ರೆ ಕೆಮ್ಮುತ್ತೆ," ಎನ್ನುತ್ತಿದ್ದ. ವೆಲ್ಡರ್ ಆ ಮನೆಯಲ್ಲಿ ನಗುವುದಿದ್ದರೆ ಅವನ ಮಾತಿಗೆ ಮಾತ್ರ.

ವೆಲ್ಡರನ ಐವತ್ತೊಂಬತ್ತನೆಯ ದಿನ ಭಾನುವಾರ ಬಿತ್ತು. ಬೆಳಿಗ್ಗೆ ಹೊಸದಾಗಿ ಬಂದಿದ್ದ ಒಬ್ಬನಿಗೆ ಕೈಕಾಲು ಸೆಳೆದು ಬಾಯಲ್ಲಿ ನೊರೆ ಬಂತು. ಅಣ್ಣ ಅವನನ್ನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಹೋಗುವ ದಾರಿಯಲ್ಲಿ ಫೋನು ಮಾಡಿ, ಎರಡು ಬೀದಿ ಆಚೆಯ ದೊಡ್ಡ ಚರ್ಚಿನ ಮುದಿ ಪಾದ್ರಿಯವರಿಗೆ, ನಮ್ಮವರಿಗೆ ಆರಾಧನೆ ನೀವೇ ನಡೆಸಿಕೊಡಬೇಕು ಎಂದು ಕೇಳಿಕೊಂಡರು. ಸಾಯುವವನನ್ನು ಮಡಿಲಲ್ಲಿ ಇಟ್ಟುಕೊಂಡವರಿಗೆ ಇದು ಎಂಥವರ ಮನೆ, ಅಡುಗೆಮನೆಯ ಜಗ್ಗಿನಲ್ಲಿ ಏನಿದೆ ಎಂದು ಹೇಳುವುದು ಎಲ್ಲಿ ನೆನಪಾಗಬೇಕು.

ಮುದುಕರು ನಿಲುವಂಗಿ ತೊಟ್ಟು, ಕೈಚೀಲ ಹಿಡಿದು, ನಗುನಗುತ್ತಾ ಬಂದರು. ಒಬ್ಬೊಬ್ಬರ ತಲೆಯ ಮೇಲೂ ಕೈಯಿಟ್ಟರು. ವಾಕ್ಯ ಓದಿದರು, ಚಿಕ್ಕದಾಗಿ ಮಾತಾಡಿದರು, ರೊಟ್ಟಿ ಮುರಿದರು. ಬೆನ್ನು ತಿರುಗಿಸಿ ಪಾತ್ರೆ ತುಂಬಿ ಸಾಲಿನ ಮೊದಲನೆಯವನ ಕೈಗೆ ಕೊಟ್ಟರು.

ವೆಲ್ಡರ್ ಸಾಲಿನಲ್ಲಿ ಐದನೆಯವನು. ಮೊದಲನೆಯವನು ಗುಟುಕಿಸಿ ತಟ್ಟನೆ ತಲೆ ಎತ್ತಿದ. ಎರಡನೆಯವನು ಕಣ್ಣು ಮುಚ್ಚಿದ. ಮೂರನೆಯವನ ಗಂಟಲು ಎರಡು ಸಲ ಅಲುಗಿತು. ನಾಲ್ಕನೆಯವನು ಡ್ರೈವರ್. ಅವನು ಪಾತ್ರೆ ಎತ್ತಿದವನು ಇಳಿಸಲೇ ಇಲ್ಲ. ಬಿಸಿಲಿನಿಂದ ಬಂದ ದನ ತೊಟ್ಟಿಗೆ ಬಾಯಿ ಹಾಕಿದ ಹಾಗೆ ಎಳೆದುಕೊಂಡ. ಕೊನೆಗೆ ಪಾತ್ರೆಯನ್ನು ವೆಲ್ಡರನ ಕೈಗಿಟ್ಟಾಗ ಅವನ ಕಣ್ಣಲ್ಲಿ ನೀರು ತುಂಬಿತ್ತು.

"ದೇವರೇ ಕೊಟ್ಟಿದ್ದು ಕಣೋ," ಎಂದು ತುಟಿಯಲ್ಲೇ ಅಂದ. "ಸುಮ್ನೆ ಕುಡಿ."

ಮೂಗಿಗೆ ಮೊದಲೇ ಗೊತ್ತಾಗಿತ್ತು. ಒಳ್ಳೆಯ ವೈನು, ಹಳೆಯದು. ವೆಲ್ಡರನ ನಾಲಿಗೆಯ ಬುಡದಿಂದ ನೀರು ಕಿತ್ತುಕೊಂಡು ಬಂತು. ಐವತ್ತೊಂಬತ್ತು ದಿನ ಸತ್ತಂತೆ ಬಿದ್ದಿದ್ದದ್ದು ಹೊಟ್ಟೆಯೊಳಗೆ ಎದ್ದು ಕುಳಿತುಕೊಂಡಿತು.

ಕುಡಿದರೆ ಯಾರೂ ಏನೂ ಕೇಳುವಂತಿಲ್ಲ. ಹಾಸಿಗೆ ಇರುತ್ತದೆ, ಹೆಸರು ಇರುತ್ತದೆ, ಅಕ್ಕನಿಗೆ ಫೋನು ಹೋಗುವುದಿಲ್ಲ. ದೇವರ ಮೇಜಿನ ಮೇಲಿನದನ್ನು ಕುಡಿದವನನ್ನು ಕುಡುಕ ಎನ್ನುವವರು ಯಾರು? ಆದರೆ ಒಂದು ಗುಟುಕಿಗೆ ತಾನು ನಿಲ್ಲುವವನಲ್ಲ, ಸಂಜೆಯೊಳಗೆ ಗೇಟಿನಾಚೆ ಇರುತ್ತೇನೆ, ಆಮೇಲೆ ಡಾಕ್ಟರು ಹೇಳಿದ್ದೇ ಗತಿ. ಕುಡಿಯದೆ ದಾಟಿಸಿದರೋ, ಮೂರನೆಯ ಸಲದವನು, ಕದ್ದು ಕುಡಿದಿದ್ದಾನೆ ಎಂದು ಹನ್ನೆರಡು ಜನ ಕಣ್ಣಾರೆ ಕಂಡ ಹಾಗಾಯಿತು. ಎದ್ದು ನಿಂತು ಇದರಲ್ಲಿ ಬೆರಕೆಯಿದೆ ಎಂದು ಕೂಗಲೇ? ಚಹಾದವನು ಮತ್ತೆ ಶುರು ಮಾಡಿದ ಎಂದು ನಗುತ್ತಾರೆ. ಕರ್ತನೇ, ಎಂದ ಮನಸ್ಸಿನಲ್ಲಿ. ಅದರ ಮುಂದೆ ಏನು ಕೇಳಬೇಕೆಂದೇ ಅವನಿಗೆ ಹೊಳೆಯಲಿಲ್ಲ.

ಉಸಿರು ಬಿಗಿಹಿಡಿದು, ಪಾತ್ರೆಯನ್ನು ಬಾಯಿಗೆ ಮುಟ್ಟಿಸದೆ, ಪಕ್ಕಕ್ಕೆ ಚಾಚಿದ.

ಪಕ್ಕದಲ್ಲಿದ್ದವನು ಮುದುಕ ತೋಟಗಾರ, ಬಂದು ಹನ್ನೊಂದು ದಿನವಾಗಿತ್ತು. ಕೈ ನಡುಕ ಇನ್ನೂ ನಿಂತಿರಲಿಲ್ಲ. ವೆಲ್ಡರನ ಮುಖವನ್ನು ಅಯ್ಯೋ ಪಾಪ ಎಂಬಂತೆ ನೋಡಿ ಪಾತ್ರೆ ತೆಗೆದುಕೊಂಡ. ಎರಡೂ ಕೈಯಲ್ಲಿ ಹಿಡಿದು, ಭಯಭಕ್ತಿಯಿಂದ ತುಟಿಯ ಬಳಿಗೆ ಒಯ್ದ.

ತಾನು ಕೊಟ್ಟದ್ದು ಏನೆಂದು ವೆಲ್ಡರನಿಗೆ ಆಗ ಅರಿವಾಯಿತು. ತನ್ನ ತಲೆ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಈ ಮುದುಕನ ಕೈಗೆ ವಿಷ ಇಟ್ಟಿದ್ದೇನೆ. ಅವನು ಕೈ ಬೀಸಿ ಪಾತ್ರೆ ಕಿತ್ತ. ಅದು ಮಗುಚಿತು. ಕೆಂಪು ನೀರು ಅವನ ಎದೆ, ತೋಳು, ನೆಲವೆಲ್ಲ ಹರಿಯಿತು.

"ಕುಡೀಬೇಡಿ! ಇದು ವೈನು!"

ಸಾಲಿನ ಕೊನೆಯಿಂದ ಯಾರೋ, "ಶುರುವಾಯ್ತಪ್ಪಾ, ಮೊದ್ಲು ಚಹಾ, ಈಗ ಇದು," ಎಂದರು. ಒಬ್ಬ ಕಿಸಕ್ಕನೆ ನಕ್ಕ. ಡ್ರೈವರ್ ನೆಲ ನೋಡುತ್ತಾ, "ರಸಾನೇ ಅದು. ಇವ್ನಿಗೆ ತಲೆ ಕೆಟ್ಟಿದೆ," ಎಂದ. ಕುಡಿದಿದ್ದ ಉಳಿದ ಮೂವರೂ ಬಾಯಿ ಬಿಡಲಿಲ್ಲ.

ಮುದಿ ಪಾದ್ರಿಯವರು ಚೆಲ್ಲಿದ್ದನ್ನು ಒರೆಸಲು ಮಂಡಿಯೂರಿದ್ದರು. ಅಲ್ಲಿಂದಲೇ ತಲೆ ಎತ್ತಿದರು. "ವೈನೇ ಕಣಪ್ಪಾ. ನಲವತ್ತು ವರ್ಷದಿಂದ ನಾನು ಇದನ್ನೇ ಕೊಡ್ತಿರೋದು. ನಿಮಗೋಸ್ಕರ ಅಂತ ಒಳ್ಳೇದು ಆರಿಸಿ ತಂದೆ. ಯಾಕೆ, ಏನಾಯ್ತು?"

ಅವರು ಒಂದೊಂದೇ ಮುಖ ನೋಡುತ್ತಾ ಹೋದರು. ಯಾರ ನಡುವೆ ಏನು ತಂದಿಟ್ಟೆ ಎಂದು ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಒರೆಸುತ್ತಿದ್ದ ಬಟ್ಟೆಯಲ್ಲೇ ಮುಖ ಮುಚ್ಚಿಕೊಂಡರು.

ಆಗ ಡ್ರೈವರ್ ಎದ್ದ. ಮೇಜಿನ ಹತ್ತಿರ ಹೋಗಿ, ಪಾದ್ರಿಯವರು ತಂದಿದ್ದ, ಅರ್ಧ ಉಳಿದಿದ್ದ ಬಾಟಲಿಯನ್ನು ತನ್ನದೇ ಎಂಬಷ್ಟು ಸಲೀಸಾಗಿ ಎತ್ತಿಕೊಂಡ. ತಡೆಯಲು ಯಾರಿಗೂ ಕೈಕಾಲು ಆಡಲಿಲ್ಲ. ಬಾಗಿಲಲ್ಲಿ ನಿಂತು ವೆಲ್ಡರನ ಕಡೆ ತಿರುಗಿದ. ಮಾತಿನಲ್ಲಿ ಕೋಪವಿರಲಿಲ್ಲ.

"ಬರ್ತೀಯೇನೋ? ಸೀಟಿದೆ."

ವೆಲ್ಡರನ ಪಾದ ನೆಲದಿಂದ ಎದ್ದಿತು. ತೋಟಗಾರ ಅವನ ಅಂಗಿಯ ಚುಂಗು ಹಿಡಿದುಕೊಂಡಿದ್ದ, ಬಿಡಲಿಲ್ಲ. ಡ್ರೈವರ್ ಹೊರಟ. ಮೊದಲನೆಯವನೂ ಮೂರನೆಯವನೂ ಒಬ್ಬರನ್ನೊಬ್ಬರು ನೋಡದೆ ಅವನ ಹಿಂದೆ ಹೋದರು. ಗೇಟಿನ ಚಿಲಕದ ಸದ್ದು ಒಂದೇ ಸಲ ಕೇಳಿಸಿತು.

ಅಂಗಿ ತೊಳೆದುಕೊಳ್ಳಲು ವೆಲ್ಡರ್ ಅಡುಗೆಮನೆಯ ಹಿಂದಿನ ನಲ್ಲಿಗೆ ಹೋದ. ಅಲ್ಲಿ ಯಾರೂ ಇರಲಿಲ್ಲ. ನಲ್ಲಿ ತಿರುಗಿಸಿದ. ನೀರು ಬೀಳುತ್ತಿತ್ತು, ಅವನು ಕೈ ಒಡ್ಡಲಿಲ್ಲ. ಒದ್ದೆಯಾದ ಅಂಗಿಯ ತೋಳಿನ ವಾಸನೆ ಮೂಗಿಗೆ ಅಡರುತ್ತಿತ್ತು. ಎಷ್ಟು ಹೊತ್ತು ಹಾಗೆ ನಿಂತನೋ, ನೋಡಿಕೊಂಡಾಗ ತೋಳಿನ ಅಂಚು ಬಾಯಲ್ಲಿತ್ತು. ಹಸುಗೂಸಿನಂತೆ ಚೀಪುತ್ತಿದ್ದ. ಒಮ್ಮೆ ಬಿಟ್ಟ. ಮತ್ತೆ ಬಾಯಿಗಿಟ್ಟುಕೊಂಡು ನೂಲೆಲ್ಲ ಸಪ್ಪೆಯಾಗುವ ತನಕ ಹಿಂಡಿದ.

ಹಿಂದಿನಿಂದ ಅಡುಗೆಯಮ್ಮನ ಅಳು ಕೇಳಿಸಿತು. ಅವನು ತೋಳನ್ನು ನೀರಿಗೆ ಒಡ್ಡಿದ.

"ಇಲ್ಲೇ ಇತ್ತಲ್ಲಪ್ಪಾ ಜಗ್ಗು! ಆ ಹಿರಿಯರಿಗೆ ಒಂದು ಮಾತು ಹೇಳ್ದೇ ಹೋದ್ನಲ್ಲ ನಾನು, ನನ್ನ ಬುದ್ಧಿಗಿಷ್ಟು!" ಹಣೆ ಚಚ್ಚಿಕೊಂಡಳು. ಆಮೇಲೆ ಅವನ ಬೆನ್ನ ಮೇಲೆ ಕೈಯಿಟ್ಟಳು. "ನಿನ್ನ ಚಹಾ ಅಂತ ಎಷ್ಟು ಆಡ್ಕೊಂಡು ನಕ್ವಿ. ಇವತ್ತು ನೀನೊಬ್ನೇ ಮನುಷ್ಯ ಅಂತ ನಿಂತೆ. ನಿನ್ನ ಹೊಟ್ಟೆ ತಣ್ಣಗಿರ್ಲಿ."

ಆ ಮಾತು ಅವನಿಗೆ ಮುಖಕ್ಕೆ ಕಾದ ಎಣ್ಣೆ ಎರಚಿದ ಹಾಗಾಯಿತು.

ಒಂದು ಗಂಟೆಗೆ ಅಣ್ಣ ಬಂದರು. ಆಸ್ಪತ್ರೆಯವನು ಉಳಿದುಕೊಂಡಿದ್ದ. ಇಲ್ಲಿ ಮೂರು ಹಾಸಿಗೆ ಖಾಲಿ. ನಿಂತೇ ಎಲ್ಲ ಕೇಳಿದರು. ಬೀದಿಗೆ ಹೋಗಿ ಹುಡುಕಿ ಬಂದರು, ಯಾರೂ ಸಿಗಲಿಲ್ಲ. ಆಮೇಲೆ ವೆಲ್ಡರನನ್ನು ಆಫೀಸಿಗೆ ಕರೆದು ಅಪ್ಪಿಕೊಂಡರು. ಅವರ ಗಡ್ಡ ಒದ್ದೆಯಾಗಿತ್ತು.

"ನಿನ್ನಿಂದ ಎಂಟು ಜನದ ಬಾಯಿಗೆ ಬೀಳೋದು ತಪ್ತು ಕಣೋ. ಇರು, ನಿಮ್ಮಕ್ಕನಿಗೆ ಫೋನ್ ಮಾಡ್ತೀನಿ. ಪಾಪ, ಆಯಮ್ಮ ನನ್ನ ಹತ್ರ ಒಂದು ಒಳ್ಳೇ ಸುದ್ದಿನೂ ಕೇಳಿಲ್ಲ ಇದುವರೆಗೆ."

ಅವರು ನಂಬರು ಒತ್ತಿ, ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲೆ ಇಟ್ಟರು. ಅತ್ತ ಗಂಟೆ ಹೊಡೆಯುವುದು ಇಬ್ಬರಿಗೂ ಕೇಳುತ್ತಿತ್ತು. ಸುಮ್ಮನಿದ್ದರೆ ಆಯಿತು. ಯಾರೂ ನೋಡಿಲ್ಲ, ಅಂಗಿ ಒಗೆದು ಹಾಕಿದೆ. ಅಕ್ಕ ಒಂದು ದಿನವಾದರೂ ನೆಮ್ಮದಿಯಾಗಿ ಮಲಗುತ್ತಾಳೆ. ಆದರೆ ಸುಮ್ಮನಿದ್ದರೆ ಇನ್ನು ನಾಲ್ಕೈದು ಗಂಟೆಯಲ್ಲಿ ತಾನು ಎಲ್ಲಿರುತ್ತೇನೆ ಎಂಬುದೂ ಅವನಿಗೆ ಗೊತ್ತಿತ್ತು. ಡ್ರೈವರ್ ಯಾವ ಅಂಗಡಿಗೆ ಹೋಗಿರುತ್ತಾನೆ ಎಂದು ಅವನ ಕಾಲುಗಳು ಆಗಲೇ ಲೆಕ್ಕ ಹಾಕುತ್ತಿದ್ದವು.

"ಅಣ್ಣಾ, ನಾನು ಚೀಪಿದೆ."

"ಏನನ್ನ?"

"ತೋಳು. ಚೆಲ್ಲಿತ್ತಲ್ಲ, ಆ ತೋಳು. ನಲ್ಲಿ ಹತ್ರ. ಒಂದ್ಸಲ ಬಿಟ್ಟು ಮತ್ತೆ ಚೀಪಿದೆ. ಯಾರೂ ನೋಡ್ಲಿಲ್ಲ."

ಅಣ್ಣ ಕುರ್ಚಿಯಲ್ಲಿ ಕುಸಿದರು. ಮನೆ ಶುರುವಾದಂದಿನಿಂದ ಆ ಕೋಣೆಯಲ್ಲಿ ಯಾರೂ ತಾವಾಗಿ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವುದಿಲ್ಲ ಎಂದೇ ಕಟ್ಟಳೆ ಮಾಡಿದ್ದು. ಹೇಳಿದವನಿಗೆ ಏನು ಮಾಡಬೇಕೆಂದು ಅವರು ಯೋಚಿಸಿಯೇ ಇರಲಿಲ್ಲ.

ಫೋನಿನಲ್ಲಿ ಅಕ್ಕನ ದನಿ ಬಂತು. "ಹಲೋ? ಅಣ್ಣಾ? ಏನಾಯ್ತು? ಹೋದ್ನಾ?"

ವೆಲ್ಡರ್ ಗೋಡೆಗೆ ಒರಗಿ ಜಾರುತ್ತಾ ನೆಲಕ್ಕೆ ಕುಳಿತ.

"ಅಣ್ಣಾ, ಹೇಳಿ. ಓಡಿಹೋದ್ನಾ? ಹೇಳಿಬಿಡಿ, ನಾನು ಗಟ್ಟಿಯಾಗಿದ್ದೀನಿ."

"ಇಲ್ಲಮ್ಮ," ಎಂದರು ಅಣ್ಣ. "ಇಲ್ಲೇ ಇದ್ದಾನೆ."

"ನಿಜವಾಗ್ಲೂ? ಎಷ್ಟು ದಿನ ಆಯ್ತೀಗ? ಐವತ್ತೊಂಬತ್ತಲ್ವಾ?"

ಅಣ್ಣ ವೆಲ್ಡರನ ಮುಖ ನೋಡಿದರು. ಅವನು ತಲೆ ಅಲ್ಲಾಡಿಸಿದ, ಸುಳ್ಳು ಬೇಡ ಎಂಬಂತೆ.

"ಇಲ್ಲಮ್ಮ. ನಾಳೆಯಿಂದ ಮತ್ತೆ ಒಂದನೇ ದಿನ."

ಅತ್ತ ಕಡೆ ಇಸ್ತ್ರಿಯ ಆವಿ ಬುಸ್ಸೆನ್ನುವುದು ಕೇಳಿಸಿತು. ಆಮೇಲೆ ಅಕ್ಕ ಫೋನು ಇಟ್ಟಳು.

ಅಣ್ಣ ಎದ್ದು ಬಂದು ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಅವನ ಎರಡೂ ಮಣಿಕಟ್ಟನ್ನು ಹಿಡಿದುಕೊಂಡರು.

"ಗಟ್ಟಿಯಾಗಿ ಹಿಡ್ಕೊಳ್ಳಿ ಅಣ್ಣಾ," ಎಂದ ವೆಲ್ಡರ್. "ನಾನು ಬಿಡ್ಸಿಕೊಳ್ತೀನಿ. ಬೈತೀನಿ, ಕಚ್ಚಿದ್ರೂ ಕಚ್ತೀನಿ. ಬಿಡಬೇಡಿ."

ಅಣ್ಣ ಹಿಡಿತ ಬಿಗಿ ಮಾಡಿದರು. ಗೋಡೆಯ ಗಡಿಯಾರದಲ್ಲಿ ಇನ್ನೂ ಎರಡು ಗಂಟೆಯೂ ಆಗಿರಲಿಲ್ಲ.